ಕಿವಿಯೊಳಗೆ ಗುಂಯ್ ಅನ್ನುವ ಸದ್ದು



ರಾತ್ರಿ ಮನೆಮಂದಿ ಮಲಗಿ ಟಿ.ವಿ. ಬಂದ್ ಆದ ಮೇಲೆ ಕೆಲವರಿಗೆ ಕಿವಿಯೊಳಗೆ ಜೀರುಂಡೆ ಕೂಗಿದ ಹಾಗೆ ಸದ್ದು ಶುರುವಾಗುತ್ತದೆ. ಹೊರಗೆ ಯಾವ ಶಬ್ದವೂ ಇರುವುದಿಲ್ಲ. ಇದಕ್ಕೆ ಟಿನ್ನಿಟಸ್ ಎನ್ನುತ್ತಾರೆ. ಇನ್ನು ಕೆಲವರಿಗೆ ಪಾತ್ರೆ ಬಿದ್ದ ಸದ್ದು, ಮಿಕ್ಸಿಯ ಸದ್ದು ಸಹ ತಡೆದುಕೊಳ್ಳಲು ಆಗುವುದಿಲ್ಲ. ಅದು ಹೈಪರ್‌ಅಕ್ಯುಸಿಸ್. ಎರಡೂ ಒಬ್ಬರಲ್ಲೇ ಇರುವುದುಂಟು. "ಎಲ್ಲಾ ನಿನ್ನ ಭ್ರಮೆ" ಎಂದು ಮನೆಯವರು ಹೇಳಿದರೆ ನಂಬಬೇಡಿ.

ಶಬ್ದ ಹಿಡಿಯುವ ಸೂಕ್ಷ್ಮ ಜೀವಕೋಶಗಳು ನಮ್ಮ ಒಳಕಿವಿಯಲ್ಲಿವೆ. ವಯಸ್ಸಿನಿಂದಲೋ, ಹಿಟ್ಟಿನ ಗಿರಣಿ, ಮಗ್ಗದ ಶೆಡ್ಡಿನಲ್ಲಿ ವರ್ಷಗಟ್ಟಲೆ ದುಡಿದೋ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಿವಿಯಿಂದ ಬರುವ ಶಬ್ದ ಕಡಿಮೆಯಾದಾಗ ಮೆದುಳು ತನ್ನ ವಾಲ್ಯೂಮ್ ಏರಿಸಿಕೊಳ್ಳುತ್ತದೆ. ಸ್ಟೇಷನ್ ಸಿಗದ ರೇಡಿಯೋದ ವಾಲ್ಯೂಮ್ ತಿರುಗಿಸಿದರೆ ಗೊರಗೊರ ಹೆಚ್ಚುತ್ತದಲ್ಲ, ಹಾಗೆ. ಹೆಚ್ಚಿನ ಸಂಶೋಧಕರು ಒಪ್ಪುವ ವಿವರಣೆ ಇದು. ಸದ್ದಿನ ಬಗ್ಗೆ ಹೆದರಿಕೆ ಬೆಳೆದಷ್ಟೂ ಮೆದುಳು ಅದನ್ನೇ ಕಾಯುತ್ತಾ ಕೂರುತ್ತದೆ ಎಂದು ಜಾಸ್ಟ್ರೆಬಾಫ್ ಎಂಬ ವಿಜ್ಞಾನಿ 1990ರಲ್ಲಿ ವಿವರಿಸಿದರು.

ಮೊದಲು ಇ.ಎನ್.ಟಿ. ವೈದ್ಯರಿಗೆ ತೋರಿಸಬೇಕು. ಕೆಲವೊಮ್ಮೆ ಗುಗ್ಗೆ ತೆಗೆದರೆ ಮುಗಿಯಿತು! (ಹೇರ್‌ಪಿನ್ನಿನಿಂದ ನೀವೇ ತೆಗೆಯಲು ಹೋಗಬೇಡಿ.) ನಂತರ ಆಡಿಯೋಮೆಟ್ರಿ: ಸದ್ದಿಲ್ಲದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗ ಗುಂಡಿ ಒತ್ತುವುದು, ಅಷ್ಟೇ. ನೋವಿಲ್ಲ. ನೀವು ತಕ್ಕೊಳ್ಳುವ ಔಷಧಗಳ ಚೀಟಿ ಒಯ್ಯಿರಿ. ಜೆಂಟಾಮೈಸಿನ್ ಇಂಜೆಕ್ಷನ್, ಕ್ಯಾನ್ಸರಿನ ಸಿಸ್‌ಪ್ಲಾಟಿನ್ ಇಂಥವು ಕಿವಿಗೆ ಹಾನಿ ಮಾಡಬಹುದು. ಹಾಗೆಂದು ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಸದ್ದು ಒಂದೇ ಕಿವಿಯಲ್ಲಿದ್ದರೆ, ಅಥವಾ ನಾಡಿ ಬಡಿದ ಹಾಗೆ ಕೇಳಿದರೆ ವೈದ್ಯರು ಸ್ಕ್ಯಾನ್ ಬರೆದುಕೊಡಬಹುದು. ಒಮ್ಮೆಲೇ ಕಿವಿ ಕೇಳಿಸದೆ ಹೋದರೆ ಮಾತ್ರ ಅದೇ ದಿನ ಹೊರಡಿ. ಅದರ ಸ್ಟಿರಾಯ್ಡ್ ಚಿಕಿತ್ಸೆ ತಡವಾದಷ್ಟೂ ಫಲ ಕಡಿಮೆ.

ಸದ್ದನ್ನು ಪೂರ್ತಿ ನಿಲ್ಲಿಸುವ ಮಾತ್ರೆ ಈವರೆಗೆ ಇಲ್ಲ. ಗಿಂಕೋ ಮಾತ್ರೆಯನ್ನು ಶಿಫಾರಸು ಮಾಡಬಾರದೆಂದು ಅಮೆರಿಕದ ಇ.ಎನ್.ಟಿ. ವೈದ್ಯರ ಸಂಘ 2014ರಲ್ಲೇ ಹೇಳಿದೆ. ಗ್ಯಾರಂಟಿ ಕೊಡುವ ಜಾಹೀರಾತಿಗಾಗಿ ಸಂಘದ ಸಾಲ ಎತ್ತಬೇಡಿ. ಶ್ರವಣ ಕಡಿಮೆ ಇದ್ದವರಿಗೆ ಶ್ರವಣ ಸಾಧನ ಹಾಕಿದಾಗ ಹೊರಗಿನ ಶಬ್ದ ಬಂದು ಒಳಗಿನದು ಹಿಂದೆ ಸರಿಯುವುದುಂಟು. ಸದ್ದಿನ ಬಗೆಗಿನ ಯೋಚನೆ ಬದಲಿಸುವ ಸಿ.ಬಿ.ಟಿ. ಎಂಬ ಮಾತಿನ ಚಿಕಿತ್ಸೆಗೆ ಒಳ್ಳೆಯ ಪುರಾವೆ ಇದೆ. ಸದ್ದು ನಿಲ್ಲದಿದ್ದರೂ ಅದರ ಕಾಟ ತಗ್ಗುತ್ತದೆ. ರಾತ್ರಿ ಫ್ಯಾನ್ ಅಥವಾ ರೇಡಿಯೋ ಸಣ್ಣಗೆ ಹಾಕಿಡುವುದೂ ಉಪಾಯವೇ. ನಾಲಿಗೆಗೆ ಸಣ್ಣ ವಿದ್ಯುತ್ ತಾಗಿಸುತ್ತಾ ಶಬ್ದ ಕೇಳಿಸುವ ಲೆನೈರ್ ಎಂಬ ಯಂತ್ರಕ್ಕೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ಸಿಕ್ಕಿತು. ನಮಗೆ ಸದ್ಯಕ್ಕೆ ಅದು ದೂರದ ಮಾತು.

ಶಬ್ದ ತಡೆಯದವರು ಇಡೀ ದಿನ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಾರೆ. ಇದರಿಂದ ಕಿವಿ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಮಗ್ಗ, ಗಿರಣಿ, ಪಟಾಕಿಯ ಹತ್ತಿರ ಮಾತ್ರ ಮುಚ್ಚಿಕೊಳ್ಳಿ. ಮನೆಯ ಸಾಮಾನ್ಯ ಸದ್ದಿಗೆ ಸ್ವಲ್ಪಸ್ವಲ್ಪವಾಗಿ ಒಗ್ಗಿಸಿಕೊಳ್ಳಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕೇಂದ್ರ ಸರಕಾರದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಂಗವಿಕಲತೆಯ ಪ್ರಮಾಣಪತ್ರ ಇದ್ದು ಆದಾಯ ಕಡಿಮೆ ಇರುವವರು ಶ್ರವಣ ಸಾಧನಕ್ಕೆ ಎಡಿಪ್ ಯೋಜನೆಯ ಬಗ್ಗೆ ಕೇಳಿ ನೋಡಿ. ಹೋಗುವಾಗ ಆಧಾರ್ ಕಾರ್ಡ್, ಆದಾಯ ಪ್ರಮಾಣಪತ್ರ, ಹಳೆಯ ಚೀಟಿಗಳು ಜೊತೆಗಿರಲಿ.