ಹೊಟ್ಟೆಲ್ಲ ಇದ್ದಿಲಾದರೆ ಹಂಡೆ ಒಲೆಗೇನು?

ಸಾಮಿಲ್ಲಿನ ಹಿಂಬದಿ ಕಂಡವರಿಗೆ ಆ ಗುಡ್ಡ ಗೊತ್ತು. ಮುಂದೆ ಹಲಗೆ, ರೀಪು, ಪಕಾಸಿ ಅಂತ ಇಂಚು ಲೆಕ್ಕದ ವ್ಯಾಪಾರ. ಹಿಂದೆ ಲೆಕ್ಕಕ್ಕಿಲ್ಲದ ಹೊಟ್ಟು! ಗರಗಸಕ್ಕೆ ಕೊಟ್ಟ ದಿಮ್ಮಿಯಲ್ಲಿ ಹಲಗೆಯಾಗಿ ಹೊರಬರುವುದು ಹೆಚ್ಚುಕಡಿಮೆ ಅರ್ಧ. ಉಳಿದದ್ದು ಚಕ್ಕೆ, ತುಂಡು, ಪುಡಿ. ಚಕ್ಕೆಗೆ ಸೌದೆಯ ಬೆಲೆಯಾದರೂ ಉಂಟು. ಪುಡಿ ಮಳೆಯಲ್ಲಿ ನೆನೆದು ಕೊಳೆಯುತ್ತದೆ. ಬೇಸಿಗೆಯಲ್ಲಿ ಯಾರಾದರೂ ಬೀಡಿ ತುಂಡು ಎಸೆದರೆ ದಿನಗಟ್ಟಲೆ ಹೊಗೆಯಾಡಿ ಇಡೀ ಬೀದಿಯನ್ನು ಕೆಮ್ಮಿಸುತ್ತದೆ.

ಈ ಕಸವನ್ನೇ ಇದ್ದಿಲ ಬಿಲ್ಲೆ ಮಾಡಿದರೆ? ಶಿವಮೊಗ್ಗ ಜಿಲ್ಲೆಗೆ ಇದ್ದಿಲು ಹೊಸದೇನಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕುಲುಮೆ ಹೊತ್ತಿಸಿದ್ದೇ ಮಲೆನಾಡಿನ ಮರದ ಇದ್ದಿಲಿನಿಂದ. ಅಂದು ಇದ್ದಿಲಿಗಾಗಿ ಕಾಡು ಕಡಿದರು. ಈ ಬಿಲ್ಲೆಗೆ ಹೊಸದಾಗಿ ಒಂದು ಮರವೂ ಬೀಳಬೇಕಿಲ್ಲ.

ಮಾಡೋದು ಹ್ಯಾಗೆ?

ಒಣಗಿದ ಹೊಟ್ಟನ್ನು ಮುಚ್ಚಿದ ಡ್ರಮ್ಮಿಗೆ ತುಂಬಿ, ಗಾಳಿಯಾಡದಂತೆ ಹೊರಗಿನಿಂದ ಚಕ್ಕೆಯ ಬೆಂಕಿ ಕೊಡಬೇಕು. 400-500 ಡಿಗ್ರಿ ಶಾಖಕ್ಕೆ ಹೊಗೆಯೆಲ್ಲ ಹೊರಟು ಕರಿ ಪುಡಿ ಉಳಿಯುತ್ತದೆ. ಆ ಪುಡಿಗೆ ಮೈದಾ ಅಥವಾ ಮರಗೆಣಸಿನ ಹಿಟ್ಟಿನ ಗಂಜಿ ಕಲಸಿ, ಅಚ್ಚಿಗೆ ಒತ್ತಿ, ಬಿಸಿಲಿಗೆ ಹರವಬೇಕು. ಅಷ್ಟೇ. ಹೊಗೆ ಬರುವುದಿಲ್ಲ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಪ್ಲೈವುಡ್ಡಿನ ಪುಡಿ ಮಾತ್ರ ಬೇಡ, ಅದರ ಅಂಟಿನ ಹೊಗೆ ವಿಷ. ಬಾಗಿಲು ಹಾಕಿದ ಕೋಣೆಯಲ್ಲಿ ಯಾವ ಇದ್ದಿಲನ್ನೂ ಉರಿಸಬಾರದು. ವಾಸನೆಯೇ ಇಲ್ಲದ ಅನಿಲ ಜೀವ ತೆಗೆದೀತು.

ಲೆಕ್ಕ ಏನನ್ನುತ್ತೆ?

ಕಸದಿಂದ ರಸ ಅನ್ನೋದು ಸುಲಭ. ನೂರು ಕಿಲೋ ಒಣ ಹೊಟ್ಟಿಗೆ ಸಿಗುವ ಇದ್ದಿಲು ಸುಮಾರು 25 ಕಿಲೋ. ಕಿಲೋ ಹೊಟ್ಟಿನಲ್ಲಿ 4,000 ಕಿಲೋಕ್ಯಾಲೊರಿ ಶಾಖವಿದ್ದರೆ ಇದ್ದಿಲಿನಲ್ಲಿ 7,000. ಗುಣಿಸಿ ನೋಡಿ: ನಾಲ್ಕು ಲಕ್ಷ ಇದ್ದದ್ದು ಒಂದು ಮುಕ್ಕಾಲು ಲಕ್ಷಕ್ಕೆ ಇಳಿಯಿತು! ಅರ್ಧಕ್ಕಿಂತ ಹೆಚ್ಚು ಶಾಖ ತಯಾರಿಯಲ್ಲೇ ಹೋಯಿತು. ಹಾಗಾಗಿ ಬಾಯ್ಲರಿಗೆ ಇದ್ದಿಲು ದಂಡ. ಅಲ್ಲಿಗೆ ಹೊಟ್ಟನ್ನು ಸುಡದೆ, ಯಂತ್ರದಲ್ಲಿ ಒತ್ತಿ ಮಾಡಿದ ‘ಬಿಳಿ ಕಲ್ಲಿದ್ದಲು’ ಸಾಕು. ಬಿಲ್ಲೆ ನಡೆಯುವುದು ಹೊಗೆ ಕೂಡದ ಕಡೆ: ಇಸ್ತ್ರಿ ಪೆಟ್ಟಿಗೆ, ಅಕ್ಕಸಾಲಿಗರ ಕುಲುಮೆ, ಜೋಳ ಸುಡುವ ಗಾಡಿ, ಹೋಟೆಲಿನ ತಂದೂರಿ.

ಇನ್ನೊಂದು ತೊಡಕು ಮಳೆರಾಯನದು. ಜೂನ್ ಬಂತೆಂದರೆ ಮಲೆನಾಡಿನಲ್ಲಿ ಬಟ್ಟೆಯೇ ಒಣಗದು, ಇನ್ನು ಬಿಲ್ಲೆ ಒಣಗೀತೆ? ಡ್ರಮ್ಮಿನ ವ್ಯರ್ಥ ಶಾಖದಲ್ಲೇ ಒಣಗಿಸುವ ಮಾಡು ಕಟ್ಟದಿದ್ದರೆ ನಾಲ್ಕು ತಿಂಗಳು ಕೆಲಸ ಬಂದ್.

ಕೇಳದೆ ಬಿಟ್ಟ ಪ್ರಶ್ನೆ

ಇಷ್ಟಾದರೂ ಒಂದು ಮಾತು ಉಳಿಯಿತು. ಹೊಟ್ಟನ್ನು ಕೇಳುವವರೇ ಇಲ್ಲ ಅನ್ನೋದು ಪೂರ್ತಿ ನಿಜವಲ್ಲ. ಸಂಜೆ ಹೊತ್ತು ಗೋಣಿಚೀಲ ಹಿಡಿದು ಮಿಲ್ಲಿನ ಹಿಂದೆ ನಿಲ್ಲುವ ಹೆಂಗಸರನ್ನು ಯಾರು ನೋಡಿಲ್ಲ? ತಗಡಿನ ಡಬ್ಬಿಯ ನಡುವೆ ಬಾಟ್ಲಿ ನಿಲ್ಲಿಸಿ, ಸುತ್ತ ಹೊಟ್ಟು ಗಿಡಿದು, ಬಾಟ್ಲಿ ಎಳೆದರೆ ಆಯಿತು ಹೊಟ್ಟಿನ ಒಲೆ. ಗಂಟೆಗಟ್ಟಲೆ ಉರಿಯುತ್ತದೆ. ಸಿಲಿಂಡರ್ ಬಂದ ಮನೆಗಳಲ್ಲೂ ಸ್ನಾನದ ಹಂಡೆ ಕಾಯುವುದು ಎಷ್ಟೋ ಕಡೆ ಇದರಲ್ಲೇ.

ಬಿಲ್ಲೆಗೆ ಬೆಲೆ ಬಂದ ದಿನ ಹೊಟ್ಟಿಗೂ ಬೆಲೆ ಬರುತ್ತದೆ. ಇವತ್ತು “ತಗೊಂಡ್ ಹೋಗಮ್ಮ” ಅನ್ನುವ ಮಿಲ್ಲು ನಾಳೆ ತಕ್ಕಡಿ ಇಡುತ್ತದೆ. ಆಗ ಆ ಹೆಂಗಸರು ಎಲ್ಲಿಗೆ ಹೋಗಬೇಕು? ಮತ್ತೆ ಕಾಡಿಗೇ ಸೌದೆಗೆ!

ದಾರಿ ಇಲ್ಲದಿಲ್ಲ. ಬಿಲ್ಲೆ ಒತ್ತುವ ಕೆಲಸವನ್ನು ಆ ಹೆಂಗಸರ ಸಂಘಗಳಿಗೇ ಕೊಡಲಿ. ಅವರ ಮನೆ ಒಲೆಗೆ ಬೇಕಾದ ಹೊಟ್ಟು ಮೊದಲು ತೆಗೆದಿಟ್ಟು ಉಳಿದದ್ದು ಡ್ರಮ್ಮಿಗೆ ಹೋಗಲಿ. ಮಿಲ್ಲಿಗೆ ಲೈಸೆನ್ಸು ಕೊಡುವ ಅರಣ್ಯ ಇಲಾಖೆ ಈ ಮಾತನ್ನೂ ಮಿಲ್ಲಿನವರ ಕಿವಿಗೆ ಹಾಕಲಿ.

ಹೊಟ್ಟು ಇದ್ದಿಲಾಗಲಿ, ಬೇಡ ಅಂದವರ್ಯಾರು? ಹಂಡೆ ನೀರು ಮಾತ್ರ ಆರದಿರಲಿ.