ಮೂರು ತಾಲ್ಲೂಕು, ಒಂದು ಸ್ಕೂಟರು

ಬೆಳಗಿನ ಏಳೂವರೆಗೆ ಪುತ್ತೂರಿನಿಂದ ಸವಣೂರು, ಕಾಣಿಯೂರು ಕಡೆಗೆ ಸಾಗುವ ರಸ್ತೆಯಲ್ಲಿ ಪ್ರಯಾಣಿಸಿದವರಿಗೆ ಒಂದು ದೃಶ್ಯ ಚಿರಪರಿಚಿತ. ಅಡಿಕೆ ತೋಟಗಳ ನಡುವಿನಿಂದ ಇಳಿದು ಬರುವ ಮಣ್ಣಿನ ದಾರಿಗಳು ಡಾಂಬರು ರಸ್ತೆಯನ್ನು ಸೇರುವಲ್ಲೆಲ್ಲ ಒಂದೊಂದು ಸ್ಕೂಟರು ನಿಂತಿರುತ್ತದೆ. ಹಿಂದಿನ ಸೀಟಿನಲ್ಲಿ ಒಂದು ಮಗು, ಮುಂದೆ ಕಾಲಿಡುವ ಜಾಗದಲ್ಲಿ ಎರಡು ಚೀಲ, ಹ್ಯಾಂಡಲಿಗೆ ತೂಗುಹಾಕಿದ ಬುತ್ತಿ. ಸ್ಕೂಟರು ಹಿಡಿದು ನಿಂತವಳು ಬಹುಪಾಲು ಆ ಮಗುವಿನ ತಾಯಿ. ಶಾಲೆಯ ಹಳದಿ ವಾಹನ ಮಗುವನ್ನು ಹತ್ತಿಸಿಕೊಂಡು ಹೊರಟ ಮೇಲೆ ಆಕೆ ಮತ್ತೆ ತೋಟದ ದಾರಿಯಲ್ಲಿ ಮರೆಯಾಗುತ್ತಾಳೆ. ಆ ಹೊತ್ತಿಗೆ ಆಕೆಯ ಅಂದಿನ ಓಡಾಟದ ಕಾಲುಭಾಗವೂ ಮುಗಿದಿರುವುದಿಲ್ಲ ಎಂಬುದು ದಾರಿಹೋಕರಿಗೆ ತಿಳಿಯುವಂಥದ್ದಲ್ಲ.

ಮಕ್ಕಳ ಶಾಲೆ, ಟ್ಯೂಷನ್, ಸಂಗೀತ, ಈಜು ಎಂದು ಹೆತ್ತವರು ಧಾವಂತಪಡುವುದು ಬೆಂಗಳೂರಿನಂತಹ ನಗರಗಳ ಸಮಸ್ಯೆ ಎಂಬ ಭಾವನೆ ನಮ್ಮಲ್ಲಿದೆ. ನಗರದಲ್ಲಿ ಅಡ್ಡಿಯಾಗುವುದು ವಾಹನ ದಟ್ಟಣೆ. ಇವೆಲ್ಲವೂ ಮೂರ್ನಾಲ್ಕು ಕಿಲೋಮೀಟರಿನೊಳಗೆ ಸಿಗುತ್ತವೆ ಎಂಬ ಸಮಾಧಾನವಾದರೂ ಅಲ್ಲಿದೆ. ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿ ದಟ್ಟಣೆಯಿಲ್ಲ, ದೂರವಿದೆ. ನಮ್ಮ ಮನೆ ಇರುವ ಕಾಣಿಯೂರಿನ ಕಡೆಯಲ್ಲಂತೂ ಮೂರೂ ತಾಲ್ಲೂಕುಗಳು ಕೈಗೆಟಕುವಂತಿವೆ, ಆದರೆ ಯಾವುದೂ ಹತ್ತಿರವಿಲ್ಲ. 2013ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾಗಿ, ಕೆಲವು ವರ್ಷಗಳ ನಂತರ ಕಾರ್ಯರೂಪಕ್ಕೆ ಬಂದ ಕಡಬ ತಾಲ್ಲೂಕಿಗೆ ನಮ್ಮ ಗ್ರಾಮವೂ ಸೇರಿತು. ಮಕ್ಕಳ ದಿನಚರಿ ಮಾತ್ರ ಹಳೆಯ ದಾರಿಗಳಲ್ಲೇ ಹರಿದುಹಂಚಿಹೋಗಿದೆ. ಮಗಳ ಪ್ರೌಢಶಾಲೆ ಇಪ್ಪತ್ತೈದು ಕಿಲೋಮೀಟರ್ ದೂರದ ಪುತ್ತೂರಿನಲ್ಲಿ. ಐದನೆಯ ತರಗತಿಯ ಮಗನ ಶಾಲೆ ಸುಳ್ಯ ತಾಲ್ಲೂಕಿನ ಗಡಿಯೊಳಗೆ. ಅವಳ ಸಂಗೀತ ಪಾಠ ಮಂಗಳವಾರ ಮತ್ತು ಶುಕ್ರವಾರ ಸಂಜೆ, ಅವನ ಯಕ್ಷಗಾನ ಶನಿವಾರ ಮಧ್ಯಾಹ್ನ ಬೆಳ್ಳಾರೆಯ ಕಡೆ, ಗಣಿತದ ಟ್ಯೂಷನ್ ಮತ್ತೊಂದು ದಿಕ್ಕಿಗೆ. ರಜೆ ಬಂತೆಂದರೆ ಪರ್ಲಡ್ಕದ ಬಾಲವನದ ಈಜುಕೊಳದ ಬೇಡಿಕೆ. ಸೋಮವಾರ ಒಂದನ್ನು ಬಿಟ್ಟರೆ ಬತ್ತಿ ಹಚ್ಚುವ ಹೊತ್ತಿಗೆ ಮನೆಮಂದಿಯೆಲ್ಲ ಒಟ್ಟಿಗಿರುವ ದಿನ ವಾರದಲ್ಲಿಲ್ಲ.

ಮಳೆಗಾಲದಲ್ಲಿ ಈ ಲೆಕ್ಕಾಚಾರವೂ ಕೈಕೊಡುತ್ತದೆ. ಜೂನ್ ಕಳೆದು ಜುಲೈ ಬಂದಿತೆಂದರೆ ದಕ್ಷಿಣ ಕನ್ನಡದ ತಾಯಂದಿರು ದೋಸೆ ಕಾವಲಿಯನ್ನು ಒಲೆಗಿಡುವ ಮೊದಲು ಮೊಬೈಲು ನೋಡುತ್ತಾರೆ. ಜಿಲ್ಲಾಧಿಕಾರಿಯವರ ರಜೆಯ ಆದೇಶ ಬಂದಿದೆಯೇ, ಬಂದಿದ್ದರೆ ಅದು ಈ ವರ್ಷದ್ದೇ ಅಥವಾ ಯಾರೋ ಕಿಡಿಗೇಡಿಗಳು ದಿನಾಂಕ ತಿದ್ದಿ ಹರಿಯಬಿಟ್ಟ ಹಿಂದಿನ ವರ್ಷದ್ದೇ ಎಂಬುದನ್ನು ಪರಾಮರ್ಶಿಸುವುದು ಬೆಳಗಿನ ಮೊದಲ ಕೆಲಸ. ರಜೆ ಕೆಲವೊಮ್ಮೆ ಇಡೀ ಜಿಲ್ಲೆಗೆ, ಕೆಲವೊಮ್ಮೆ ಕೆಲವೇ ತಾಲ್ಲೂಕುಗಳಿಗೆ. ತಾಲ್ಲೂಕಿನ ಗಡಿಯಲ್ಲಿ ಮನೆಯಿದ್ದವರ ಪಾಡೇನು? ತಮ್ಮನಿಗೆ ರಜೆ, ಅಕ್ಕನಿಗೆ ಶಾಲೆ! ಒಂದೇ ಅಂಗಳಕ್ಕೆ ಸುರಿಯುವ ಮಳೆ ಒಬ್ಬನಿಗೆ ಅಪಾಯಕಾರಿ, ಇನ್ನೊಬ್ಬಳಿಗೆ ಸಾಮಾನ್ಯ. ಹೀಗೆ ದೊರೆತ ರಜೆಗಳನ್ನು ಮುಂದೆ ಶನಿವಾರ ಪೂರ್ಣ ದಿನದ ತರಗತಿ ನಡೆಸಿ ಸರಿದೂಗಿಸುತ್ತಾರೆ. ಆಗ ಶನಿವಾರದ ಯಕ್ಷಗಾನ ಭಾನುವಾರಕ್ಕೆ ಹೋಗುತ್ತದೆ, ಭಾನುವಾರಕ್ಕೆ ಮೀಸಲಿಟ್ಟ ತವರುಮನೆಯ ಭೇಟಿ ದೀಪಾವಳಿಗೆ.

‘ನಾವೆಲ್ಲ ನಾಲ್ಕು ಮೈಲಿ ನಡೆದುಕೊಂಡೇ ಶಾಲೆಗೆ ಹೋದವರು’ ಎಂದು ಹಿರಿಯರು ಹೇಳುವುದುಂಟು. ನಿಜ. ಅಡಿಕೆ ಮರದ ಕಾಲುಸಂಕ ದಾಟಿ, ತೋಡಿನ ನೀರಿನಲ್ಲಿ ಕಾಲಾಡಿಸುತ್ತ, ಹತ್ತಾರು ಮಕ್ಕಳು ಹಿಂಡುಹಿಂಡಾಗಿ ಹೋಗುತ್ತಿದ್ದ ಕಾಲವದು. ಆ ಹಿಂಡೇ ಈಗಿಲ್ಲ. ಮನೆಗೆ ಒಂದೋ ಎರಡೋ ಮಕ್ಕಳು. ಅವರೂ ಬೇರೆಬೇರೆ ಶಾಲೆಗೆ, ಬೇರೆಬೇರೆ ವಾಹನದಲ್ಲಿ. ಒಂಟಿ ಮಗುವನ್ನು ಗುಡ್ಡದ ದಾರಿಯಲ್ಲಿ ಕಳುಹಿಸಿ ನೆಮ್ಮದಿಯಿಂದಿರುವುದು ಇಂದಿನ ತಾಯಿಗೆ ಕಷ್ಟ. ಅದಕ್ಕೆ ಅತಿಯಾದ ಅಂಜಿಕೆ ಎಂದು ಹೆಸರಿಡುವವರು 2023ರ ಫೆಬ್ರುವರಿಯನ್ನು ನೆನಪಿಸಿಕೊಳ್ಳಬೇಕು. ಕಡಬ ತಾಲ್ಲೂಕಿನ ರೆಂಜಿಲಾಡಿಯಲ್ಲಿ ಬೆಳಗಿನ ಹೊತ್ತು ಕಾಡಾನೆಯ ದಾಳಿಗೆ ಇಬ್ಬರು ಬಲಿಯಾದರು. ಕಾಡಂಚಿನ ಗ್ರಾಮಗಳಲ್ಲಿ ಅಂದಿನಿಂದ ಮಕ್ಕಳನ್ನು ರಸ್ತೆಯವರೆಗೆ ಬಿಟ್ಟುಬರುವುದು ಮನೆಯ ದೊಡ್ಡವರ ಖಾಯಂ ಕೆಲಸವಾಯಿತು. ಅನುಕೂಲ ಹೆಚ್ಚಿದೆ ಎಂಬುದನ್ನೂ ಒಪ್ಪಬೇಕು. ಮಳೆಗಾಲದಲ್ಲಿ ನೀರಿನಡಿ ಸೇರಿ ಕಡಬ–ಉಪ್ಪಿನಂಗಡಿ ಸಂಪರ್ಕವನ್ನೇ ಕಡಿಯುತ್ತಿದ್ದ ಹೊಸ್ಮಠದ ಮುಳುಗು ಸೇತುವೆಯ ಬದಲಿಗೆ ಎತ್ತರದ ಸೇತುವೆ ಬಂದಿದೆ. 2023ರ ಜೂನ್ ತಿಂಗಳಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ಮಂಗಳೂರಿನಂತೆ ಖಾಸಗಿ ಬಸ್ಸುಗಳ ಕಾರುಬಾರಿಲ್ಲದ, ಸರ್ಕಾರಿ ಬಸ್ಸನ್ನೇ ನೆಚ್ಚಿದ ಈ ಭಾಗಕ್ಕೆ ಅದು ನಿಜವಾದ ಉಪಕಾರ. ಆದರೆ ಸಂಗೀತ ಪಾಠ ಮುಗಿಯುವುದು ಆರು ಗಂಟೆಗೆ. ಒಳರಸ್ತೆಗಳಲ್ಲಿ ಆ ಹೊತ್ತಿಗೆ ಬಸ್ಸಿಲ್ಲ.

ಆದ್ದರಿಂದ ಕಾಯುವುದು. ಈ ಇಡೀ ವ್ಯವಸ್ಥೆಯ ತಿರುಳೇ ಕಾಯುವಿಕೆ. ಒಂದು ಗಂಟೆಯ ಪಾಠಕ್ಕೆ ಮಗುವನ್ನು ಬಿಟ್ಟು ಮನೆಗೆ ಹೋಗಿ ಮರಳಿ ಬರುವುದೆಂದರೆ ಪೆಟ್ರೋಲಿಗೂ ದಂಡ, ಸಮಯಕ್ಕೂ ದಂಡ. ಹಾಗಾಗಿ ಸಂಗೀತದ ಟೀಚರ ಮನೆಯ ಜಗಲಿ, ದೇವಸ್ಥಾನದ ಹೊರಸುತ್ತಿನ ಕಟ್ಟೆ, ದರ್ಜಿಯ ಅಂಗಡಿಯ ಬೆಂಚು, ಇವೆಲ್ಲ ತಾಯಂದಿರ ನಿಲ್ದಾಣಗಳು. ಅಲ್ಲಿ ಬಸಳೆಯ ಬಳ್ಳಿ, ಮಲ್ಲಿಗೆಯ ಗಿಡ ಕೈಯಿಂದ ಕೈಗೆ ದಾಟುತ್ತವೆ. ಯಾವ ಟೀಚರು ಜೂನಿಯರ್ ಪರೀಕ್ಷೆಗೆ ಚೆನ್ನಾಗಿ ಸಿದ್ಧಪಡಿಸುತ್ತಾರೆ, ಎಂಟನೆಯ ತರಗತಿಯಿಂದಲೇ ನೀಟ್ ತರಬೇತಿ ಬೇಕೇ ಬೇಡವೇ ಎಂಬ ಚರ್ಚೆ ನಡೆಯುತ್ತದೆ. ಒಬ್ಬಾಕೆ ಲ್ಯಾಪ್‌ಟಾಪು ತೆರೆದು ಬೆಂಗಳೂರಿನ ಕಂಪೆನಿಯ ಕೆಲಸ ಮಾಡುತ್ತಾಳೆ. ಇನ್ನೊಬ್ಬಾಕೆ ನಾಳೆ ತೋಟಕ್ಕೆ ಮದ್ದು ಬಿಡಲು ಬರುವವರಿಗೆ ಏನು ಅಡುಗೆ ಎಂದು ಫೋನಿನಲ್ಲಿ ಅತ್ತೆಯೊಂದಿಗೆ ನಿಶ್ಚಯಿಸುತ್ತಾಳೆ. ಒಳಗಿನಿಂದ ಸರಳೆ ವರಸೆ ಕೇಳಿಬರುತ್ತಿರುತ್ತದೆ. ವಾರಕ್ಕೆ ಎರಡು ಬಾರಿಯಂತೆ ಮೂರು ವರ್ಷ ಕೇಳಿದ ನನಗೆ ಈಗ ಮಗಳಿಗಿಂತ ಮೊದಲೇ ಅಪಸ್ವರ ತಿಳಿಯುತ್ತದೆ! ಕಾಯುವ ಜಾಗದಲ್ಲಿ ಹುಟ್ಟಿದ ಸ್ನೇಹಗಳು ಕಡಿಮೆಯಲ್ಲ, ಅವನ್ನು ನಾನು ಲಘುವಾಗಿ ಕಾಣಲಾರೆ. ಆದರೂ ಆ ಬೆಂಚಿನ ಮೇಲೆ ಗಂಡಸರು ಕುಳಿತದ್ದನ್ನು ನೋಡಿದ್ದು ಅಪರೂಪ. ಬಂದವರು ಕಾರಿನೊಳಗೇ ಇರುತ್ತಾರೆ.

ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆ ಈ ಅನುಭವಕ್ಕೆ ಅಂಕಿಗಳನ್ನು ಒದಗಿಸುತ್ತದೆ. 15ರಿಂದ 59 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರೆ, ಪುರುಷರಲ್ಲಿ ಆ ಪ್ರಮಾಣ ಶೇಕಡ 21.4. ಹಾಗೆ ತೊಡಗಿದ ಮಹಿಳೆ ದಿನಕ್ಕೆ 140 ನಿಮಿಷ ಅದಕ್ಕೆ ವ್ಯಯಿಸಿದರೆ ಪುರುಷ 74 ನಿಮಿಷ. ಬೆಳಗಿನ ನಾಲ್ಕರಿಂದ ಮರುದಿನ ಬೆಳಗಿನ ನಾಲ್ಕರವರೆಗಿನ ದಿನವನ್ನು ಅರ್ಧ ಗಂಟೆಯ ತುಂಡುಗಳಾಗಿಸಿ ಕೇಳುವ ಸಮೀಕ್ಷೆಯಿದು. ನಾಲ್ಕು ಗಂಟೆಯಿಂದಲೇ ಲೆಕ್ಕ ಆರಂಭಿಸಿದವರಿಗೆ ಮನೆವಾರ್ತೆಯ ಪರಿಚಯ ಚೆನ್ನಾಗಿಯೇ ಇರಬೇಕು. ಆದರೆ ಬೆಂಚಿನ ಮೇಲೆ ಕುಳಿತು ಮದ್ದಿನವರ ಊಟವನ್ನು ನಿಶ್ಚಯಿಸುತ್ತಿದ್ದ ಆ ಅರ್ಧ ಗಂಟೆಯನ್ನು ಮಗುವಿನ ಖಾತೆಗೆ ಬರೆಯಬೇಕೇ, ತೋಟದ ಖಾತೆಗೆ ಬರೆಯಬೇಕೇ, ಆಕೆಯ ವಿಶ್ರಾಂತಿ ಎನ್ನಬೇಕೇ?

ಇಷ್ಟೆಲ್ಲ ಯಾತಕ್ಕೆ ಎಂದು ಕೇಳುವವರಿದ್ದಾರೆ. ಮಕ್ಕಳನ್ನು ಸರ್ವಜ್ಞರನ್ನಾಗಿಸುವ ಹಂಬಲ ಎಂಬ ಟೀಕೆಯಲ್ಲಿ ಸ್ವಲ್ಪ ಸತ್ಯವಿದೆ. 2025ರ ಎಸ್ಸೆಸ್ಸೆಲ್ಸಿಯಲ್ಲಿ ಶೇಕಡ 91.12 ಫಲಿತಾಂಶ ಪಡೆದು ರಾಜ್ಯಕ್ಕೆ ಮೊದಲ ಸ್ಥಾನದಲ್ಲಿದ್ದ ಜಿಲ್ಲೆ ನಮ್ಮದು. ಆ ಕೀರ್ತಿಯ ಬಿಸಿ ಮನೆಮನೆಗೂ ತಟ್ಟುತ್ತದೆ. ಆದರೆ ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸುಳ್ಯ ತಾಲ್ಲೂಕಿನ ಸಂಪಾಜೆ, ಅರಂತೋಡಿನ ಕಡೆಯ ತೋಟಗಳನ್ನು ಹಳದಿ ಎಲೆ ರೋಗ ಹಾಳುಗೆಡವಿದ್ದನ್ನು ಕಣ್ಣಾರೆ ಕಂಡವರು ನಾವು. ಅದರ ಮೇಲೆ ಎಲೆಚುಕ್ಕಿ ರೋಗ ಬೇರೆ. ಅಡಿಕೆಯನ್ನೇ ನಂಬಿದ ಮನೆಯಲ್ಲಿ ತೋಟ ಮುಂದಿನ ತಲೆಮಾರನ್ನು ಸಾಕೀತೇ ಎಂಬ ಸಂಶಯ ಮೂಡಿದ ಮೇಲೆ, ಮಗುವಿಗೆ ಕಲಿಸುವ ಒಂದೊಂದು ವಿದ್ಯೆಯೂ ಒಂದೊಂದು ಜೀವವಿಮೆಯಂತೆ ಕಾಣತೊಡಗುತ್ತದೆ. ಆ ವಿಮೆಯ ಕಂತು ಕಟ್ಟುವುದು ಅಡಿಕೆಯ ಹಣದಿಂದಲೇ. ಕಲಿತ ಮಕ್ಕಳು ನಾಳೆ ಈ ರಸ್ತೆಗೆ ಮರಳುವರೆಂಬ ಭರವಸೆಯೂ ನಮಗಿಲ್ಲ. ಕಾಣಿಯೂರಿನಿಂದ ಪಂಜದವರೆಗೆ ಹಿರಿಯರಿಬ್ಬರೇ ಉಳಿದ ದೊಡ್ಡ ಮನೆಗಳನ್ನು ಎಣಿಸಲು ಎರಡು ಕೈಗಳ ಬೆರಳು ಸಾಲವು.

ಮಕ್ಕಳ ವಿಷಯದಲ್ಲಿ ಇದು ಬಡ ಸೀಮೆಯಲ್ಲ ಎಂಬುದೇ ಇಲ್ಲಿನ ಸೋಜಿಗ. ‘ಬಾಲಪ್ರಪಂಚ’ವನ್ನು ಬರೆದ ಶಿವರಾಮ ಕಾರಂತರು 1930ರ ದಶಕದಲ್ಲಿ ಪುತ್ತೂರಿನ ಪರ್ಲಡ್ಕದ ಗುಡ್ಡದಲ್ಲಿ ಬಾಲವನವನ್ನು ಕಟ್ಟಿದಾಗ ಪಾಠ, ಆಟ, ಕುಣಿತ, ನಾಟಕಗಳಿಗೆ ಬೇರೆಬೇರೆ ವಿಳಾಸಗಳಿರಲಿಲ್ಲ. 1958ರಲ್ಲಿ ಸಂತ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು ಪುತ್ತೂರಿಗೆ ಬಂದವು. 1976ರಲ್ಲಿ ಕುರುಂಜಿ ವೆಂಕಟರಮಣ ಗೌಡರು ಸುಳ್ಯದಲ್ಲಿ ನೆಹರು ಸ್ಮಾರಕ ಕಾಲೇಜನ್ನು ಸ್ಥಾಪಿಸಿದ್ದರಿಂದ, ಪದವಿಗಾಗಿ ದೂರದ ಊರುಗಳಿಗೆ ಹೋಗಬೇಕಿದ್ದ ಮಕ್ಕಳು ಮನೆಯಿಂದಲೇ ಓದುವಂತಾಯಿತು. ಸುಳ್ಯದ ರಂಗಮನೆಯಲ್ಲಿ ಇಂದಿಗೂ ಮಕ್ಕಳು ನಾಟಕ ಕಲಿಯುತ್ತಾರೆ. ವಿದ್ಯೆಯನ್ನು ಮಗುವಿನ ಬಳಿಗೆ ತರಬೇಕೆಂಬುದು ಇಲ್ಲಿನ ಹಿರಿಯರಿಗೆ ಹೊಳೆಯದೆ ಇದ್ದ ವಿಚಾರವೇನಲ್ಲ. ಹಿಂದೆ ಯಕ್ಷಗಾನದ ಗುರುಗಳು ಊರಿಂದೂರಿಗೆ ನಡೆದು ಬರುತ್ತಿದ್ದರು, ಯಾರದೋ ಮನೆಯ ಚಾವಡಿಯಲ್ಲಿ ಉಳಿದು ನಾಲ್ಕಾರು ಮನೆಯ ಮಕ್ಕಳಿಗೆ ಹೆಜ್ಜೆ ಹೇಳಿಕೊಡುತ್ತಿದ್ದರು. ಈಗ ಗುರುಗಳು ಪೇಟೆಯಲ್ಲಿ ನೆಲೆನಿಂತಿದ್ದಾರೆ. ಒಬ್ಬರು ನಡೆಯುತ್ತಿದ್ದ ದಾರಿಯನ್ನು ಮೂವತ್ತು ತಾಯಂದಿರು ಸ್ಕೂಟರಿನಲ್ಲಿ ಕ್ರಮಿಸುತ್ತಿದ್ದಾರೆ.

ಈ ಲೆಕ್ಕವನ್ನು ತಿರುಗಿಸುವುದು ಅಸಾಧ್ಯವೇ? ಪಟ್ಲ ಫೌಂಡೇಶನ್ ಶಾಲೆಗಳಿಗೇ ಗುರುಗಳನ್ನು ಕಳುಹಿಸಿ ಉಚಿತವಾಗಿ ಯಕ್ಷಗಾನ ಕಲಿಸುತ್ತಿರುವುದು ಜಿಲ್ಲೆಯವರಿಗೆ ತಿಳಿದ ಸಂಗತಿ. ಯಕ್ಷಗಾನಕ್ಕೆ ಸಾಧ್ಯವಾದದ್ದು ಸಂಗೀತಕ್ಕೆ, ಚಿತ್ರಕಲೆಗೆ, ಗಣಿತಕ್ಕೆ ಏಕೆ ಸಾಧ್ಯವಾಗಬಾರದು? ಪ್ರತಿ ಹಳ್ಳಿಯಲ್ಲೂ ಒಂದು ಶಾಲೆಯ ಕಟ್ಟಡವಿದೆ, ಅದರಲ್ಲಿ ಸಭಾಂಗಣವಿದೆ, ನಾಲ್ಕು ಗಂಟೆಯ ನಂತರ ಅದಕ್ಕೆ ಬೀಗ ಬೀಳುತ್ತದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಅರಿವು ಕೇಂದ್ರ ಎಂಬ ಹೊಸ ಹೆಸರು ಬಂದಿದೆ. ವಾರಕ್ಕೆರಡು ಸಂಜೆ ಅಲ್ಲೊಂದು ಪಾಠ ನಡೆಯುವಂತಾದರೆ ಆ ಹೆಸರು ಸಾರ್ಥಕವಾಗುತ್ತದೆ. ಮಕ್ಕಳ ಕೊರತೆಯಿಂದ ಒಂದೊಂದಾಗಿ ಸೊರಗುತ್ತಿರುವ ಕನ್ನಡ ಶಾಲೆಗಳಿಗೂ ಇದರಿಂದ ಒಂದಿಷ್ಟು ಜೀವ ಬಂದೀತು. ತನ್ನೂರಿನ ಶಾಲೆಯಲ್ಲೇ ಸಂಜೆ ಐದರವರೆಗೆ ಹಾಡು, ಆಟ, ಓದು ಎಲ್ಲವೂ ದೊರೆಯುವುದಾದರೆ ಬೆಳಗಿನ ಹಳದಿ ವಾಹನಕ್ಕೆ ಶುಲ್ಕ ತೆರುವ ಮುನ್ನ ಹೆತ್ತವರು ಒಮ್ಮೆ ಯೋಚಿಸಿಯಾರು.

ನಮ್ಮ ರಸ್ತೆಯ ಐದಾರು ಮಂದಿ ತಾಯಂದಿರು ಇತ್ತೀಚೆಗೆ ಇಂಥದ್ದೊಂದು ಪ್ರಯತ್ನಕ್ಕೆ ಕೈಹಾಕಿದೆವು. ಮಗನಿಗೆ ಹೆಜ್ಜೆ ಕಲಿಸುವ ಗುರುಗಳು ಶನಿವಾರ ಮಧ್ಯಾಹ್ನ ಶಾಲೆಗೇ ಬರಲು ಒಪ್ಪಿದ್ದಾರೆ; ಅವರು ಬರುವ ಬಸ್ಸಿನ ಹೊತ್ತಿಗೆ ತರಗತಿಯ ಸಮಯವನ್ನು ಹೊಂದಿಸಿದ್ದೇವೆ, ಊಟ ಸರದಿಯಂತೆ ಒಂದೊಂದು ಮನೆಯಲ್ಲಿ. ಸಂಗೀತದ ಟೀಚರನ್ನೂ ಕೇಳಿನೋಡಿದೆವು. ಮಂಗಳವಾರ ಸಂಜೆ ಖಂಡಿತ ಆಗದು ಎಂದರು. ಅವರ ಮಗನಿಗೆ ಅಂದು ಚೆಸ್ ತರಗತಿಯಂತೆ, ಕರೆದುಕೊಂಡು ಹೋಗಲು ಮನೆಯಲ್ಲಿ ಬೇರೆ ಯಾರೂ ಇಲ್ಲವಂತೆ.