ತಿದ್ದುವ ಅಧಿಕಾರ ಮೇಷ್ಟ್ರ ಕೈಗೆ ಬರಲಿ

ರಾಷ್ಟ್ರೀಯ ಶಿಕ್ಷಣ ನೀತಿ 2020 ಶಾಲೆಗೆ ಬರಬೇಕಾದ ಹೊಸ ವಿಷಯಗಳನ್ನು ಹೆಸರಿಸುವಾಗ ಕೃತಕ ಬುದ್ಧಿಮತ್ತೆಯ ಪಕ್ಕದಲ್ಲೇ ಡಿಸೈನ್ ಥಿಂಕಿಂಗನ್ನೂ ಕೂರಿಸಿತು. ಸಿಬಿಎಸ್‌ಇ 2022-23ರಲ್ಲಿ ಹನ್ನೊಂದನೆಯ ತರಗತಿಗೆ ಅದನ್ನು ಒಂದು ಕೌಶಲ ವಿಷಯವಾಗಿ ತಂದಿತು. ಕನ್ನಡದಲ್ಲಿ ನಾವು ವಿನ್ಯಾಸ ಚಿಂತನೆ ಎನ್ನುವ ಈ ವಿದ್ಯೆಯ ಬೇರು ಹಳೆಯದು. ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1969ರಲ್ಲೇ ವಿನ್ಯಾಸವನ್ನು ಒಂದು ಯೋಚನಾಕ್ರಮವಾಗಿ ವಿವರಿಸಿದ್ದರು. 2005ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕೆಲ್ಲಿ ಮತ್ತು ಗೆಳೆಯರು ಕಟ್ಟಿದ ಸಂಸ್ಥೆ ಅದಕ್ಕೆ ಐದು ಮೆಟ್ಟಿಲು ಹಾಕಿ ಜಗತ್ತಿಗೆಲ್ಲ ಹಂಚಿತು. ಬಳಸುವವರ ಕಷ್ಟವನ್ನು ಅವರ ಜಾಗದಲ್ಲಿ ನಿಂತು ತಿಳಿಯುವುದು, ನಿಜವಾದ ಸಮಸ್ಯೆ ಯಾವುದೆಂದು ಗೊತ್ತು ಮಾಡಿಕೊಳ್ಳುವುದು, ದಾರಿಗಳನ್ನು ಧಾರಾಳವಾಗಿ ಯೋಚಿಸುವುದು, ಅಗ್ಗದಲ್ಲೊಂದು ಮಾದರಿ ಮಾಡುವುದು, ಬಳಸಿ ನೋಡಿ ತಿದ್ದುವುದು. ಇದನ್ನು ಮಕ್ಕಳಿಗೆ ಕಲಿಸಬೇಕೆಂದು ಎಲ್ಲರೂ ಹೇಳುತ್ತಿದ್ದಾರೆ. ಆದರೆ ಕಲಿಸಬೇಕಾದ ಶಿಕ್ಷಕರಿಗೆ ಈ ಐದರಲ್ಲಿ ಕೊನೆಯದನ್ನು ಮಾಡುವ ಅವಕಾಶವೇ ಇಲ್ಲ. ಮಗುವಿನ ಕಷ್ಟ ಮೇಷ್ಟ್ರಿಗೆ ಗೊತ್ತು, ಉಪಾಯವೂ ಹಲವರ ಬಳಿ ಇದೆ. ಮೇಲಿನಿಂದ ಬಂದ ಪಾಠ, ಪೆಟ್ಟಿಗೆ, ತಂತ್ರಾಂಶವನ್ನು ತನ್ನ ತರಗತಿಗೆ ತಕ್ಕಂತೆ ತಿದ್ದಿಕೊಳ್ಳುವ ಅಧಿಕಾರ ಮಾತ್ರ ಇಲ್ಲ. ಶಾಲೆಗಳಲ್ಲಿ ತಂತ್ರಜ್ಞಾನ ಎಲ್ಲಿ ಫಲ ಕೊಟ್ಟಿತು, ಎಲ್ಲಿ ಮೂಲೆ ಸೇರಿತು ಎಂದು ಹುಡುಕುತ್ತ ಹೋದರೆ ಸಿಗುವ ಕಾರಣ ಬಹುಮಟ್ಟಿಗೆ ಇದೇ.

ದೂರದ ಕ್ಯಾಲಿಫೋರ್ನಿಯಾಕ್ಕೆ ಹೋಗುವ ಮೊದಲು ನಮ್ಮ ಹೆಗ್ಗಡದೇವನಕೋಟೆಯನ್ನು ನೋಡಬೇಕು. ವಿನ್ಯಾಸ ಚಿಂತನೆಯ ಹೆಸರೂ ಕೇಳಿರದ ಕಾಲದಲ್ಲಿ, 1995ರಲ್ಲಿ, ಅಲ್ಲಿನ ಪ್ರಾಥಮಿಕ ಶಾಲಾ ಶಿಕ್ಷಕರು ಯುನಿಸೆಫ್ ನೆರವಿನಿಂದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯನ್ನು ಶುರು ಮಾಡಿದರು. ಸ್ಫೂರ್ತಿ ಬಂದದ್ದು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಾಲೆಯಿಂದ. ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸುತ್ತಲ ಹಳ್ಳಿಗಳ ಪುಟ್ಟ ಶಾಲೆಗಳಿಗಾಗಿ ಕಾರ್ಡುಗಳ ಮೂಲಕ ಕಲಿಯುವ ಪದ್ಧತಿಯೊಂದನ್ನು ರೂಪಿಸಿದ್ದರು. ಕಾಡಂಚಿನ ತಾಲ್ಲೂಕಿನ ಶಿಕ್ಷಕರ ಮುಂದಿದ್ದ ಸಮಸ್ಯೆ ಸ್ಪಷ್ಟವಾಗಿತ್ತು. ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ಎರಡು ಮೂರು ತರಗತಿಗಳು. ಅಪ್ಪ-ಅಮ್ಮ ಕೂಲಿಗೆ ಹೋದಾಗ ಮಗು ವಾರಗಟ್ಟಲೆ ಬರುವುದಿಲ್ಲ. ತಿರುಗಿ ಬಂದಾಗ ಪಾಠ ಎಲ್ಲಿಗೋ ಹೋಗಿರುತ್ತದೆ, ಅದರ ಬೆನ್ನಟ್ಟಲಾಗದೆ ಮಗು ಶಾಲೆಯನ್ನೇ ಬಿಡುತ್ತದೆ. ಇದಕ್ಕೆ ಕಂಡುಕೊಂಡ ದಾರಿ ಕಲಿಕಾ ಏಣಿ. ಇಡೀ ವರ್ಷದ ಪಾಠ ಸಣ್ಣ ಸಣ್ಣ ಮೆಟ್ಟಿಲುಗಳಾಯಿತು, ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು, ಕಾರ್ಡಿನ ಮೇಲೆ ಓದು ಬಾರದ ಮಗುವೂ ಗುರುತಿಸಬಲ್ಲ ಚಿತ್ರದ ಲೋಗೊ. ತಿಂಗಳ ನಂತರ ಬಂದ ಮಗು ತಾನು ಬಿಟ್ಟಿದ್ದ ಮೆಟ್ಟಿಲಿನಿಂದಲೇ ಹತ್ತಲು ಶುರು ಮಾಡಬಹುದು. ಶಿಕ್ಷಕರ ಪೂರ್ಣ ಬೆಂಬಲ ಬೇಕಾದ ಮಕ್ಕಳದೊಂದು ಗುಂಪು, ತಾವೇ ಕಲಿಯಬಲ್ಲವರದು ಇನ್ನೊಂದು, ಸಹಪಾಠಿಗಳಿಂದ ಕಲಿಯುವವರದು ಮತ್ತೊಂದು ಎಂದು ಕೂರಿಸಿದ್ದರಿಂದ ಒಬ್ಬ ಮೇಷ್ಟ್ರ ಸಮಯ ಅದು ನಿಜಕ್ಕೂ ಬೇಕಾದ ಕಡೆಗೆ ಹರಿಯಿತು. ಗೋಡೆಯ ಕರಿಹಲಗೆ ಮಗುವಿನ ಎತ್ತರಕ್ಕೆ ಇಳಿಯಿತು. ತಲೆಯ ಮೇಲೆ ದಾರ ಕಟ್ಟಿ ಚಪ್ಪರ ಮಾಡಿ ಮಕ್ಕಳ ಕೆಲಸಗಳನ್ನೇ ತೂಗುಹಾಕಿದರು.

ಅಕ್ಷರ ಕಲಿಸುವ ಕ್ರಮವಂತೂ ನನ್ನ ಮಟ್ಟಿಗೆ ಈ ಪದ್ಧತಿಯ ಅತ್ಯಂತ ಧೈರ್ಯದ ತಿದ್ದುಪಡಿ. ನಲವತ್ತೊಂಬತ್ತು ಅಕ್ಷರ ಮುಗಿಸಿ ಆಮೇಲೆ ಪದಕ್ಕೆ ಬರುವ ರೂಢಿಯನ್ನು ಪಕ್ಕಕ್ಕಿಟ್ಟು ರ, ಗ, ಸ, ದ, ಅ ಎಂದು ಆರಂಭಿಸಿದರು. ಬರೆಯಲು ಸುಲಭವಾದ, ಒಂದರ ತಿರುವು ಇನ್ನೊಂದಕ್ಕೆ ದಾರಿ ಮಾಡಿಕೊಡುವ ಅಕ್ಷರಗಳು ಇವು. ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ಗರಗಸ ಎಂದು ಮಗು ಓದಿಬಿಡುತ್ತದೆ. ಓದಬಲ್ಲೆ ಎಂಬ ಭರವಸೆ ಶಾಲೆಯ ಮೊದಲ ದಿನಗಳಲ್ಲೇ ಕೈಗೆ ಸಿಗುತ್ತದೆ. 'ಮಗುವಿಗೆ ಅ ಆ ಇ ಈ ಹೇಳೋಕೆ ಬರಲ್ಲ' ಎಂದು ಪೋಷಕರು ಗೊಣಗಿದ್ದುಂಟು, ಈಗಲೂ ಗೊಣಗುತ್ತಾರೆ. ಕಲಿಯುವ ಮಗುವನ್ನು ಎದುರಿಗಿಟ್ಟುಕೊಂಡು ಯೋಚಿಸಿದಾಗ ವರ್ಣಮಾಲೆಯಂಥ ವರ್ಣಮಾಲೆಯ ಕ್ರಮವನ್ನೂ ಮುರಿಯಬೇಕಾದೀತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. ಇದರಲ್ಲಿ ಕಂಪ್ಯೂಟರಿಲ್ಲ, ವಿದ್ಯುತ್ತೂ ಬೇಡ. ಆದರೆ ಏಣಿ, ಕಾರ್ಡು, ಲೋಗೊ ಇವೆಲ್ಲ ತಂತ್ರಜ್ಞಾನವೇ, ಅದೂ ತರಗತಿಯೊಳಗೆ ನಿಂತವರು ರೂಪಿಸಿದ ತಂತ್ರಜ್ಞಾನ.

ಇದೇ ನಲಿ-ಕಲಿ 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಕಿರಿಯ ತರಗತಿಗಳಿಗೆ ವಿಸ್ತರಿಸಿತು. ಉದ್ದೇಶ ಒಳ್ಳೆಯದೇ. ಆದರೆ ಹೆಗ್ಗಡದೇವನಕೋಟೆಯ ಶಿಕ್ಷಕರು ಕಾರ್ಡು ಬರೆದಿದ್ದರು, ಉಳಿದವರ ಕೈಗೆ ಅಚ್ಚಾದ ಕಾರ್ಡು ಬಂತು. ಪರಿಷ್ಕರಣೆ ನಡೆದದ್ದೂ ರಾಜ್ಯ ಮಟ್ಟದಲ್ಲಿ. ಕಲಬುರಗಿಯ ಹಳ್ಳಿಯ ಮಗುವಿಗೂ ಮನೆಯಲ್ಲಿ ತುಳು ಮಾತಾಡುವ ಪುತ್ತೂರಿನ ಮಗುವಿಗೂ ಒಂದೇ ಕಾರ್ಡು, ಒಂದೇ ಪದ, ಒಂದೇ ಹಾಡು. ಪದ್ಧತಿಯ ಹೊರರೂಪ ಎಲ್ಲ ಕಡೆ ತಲುಪಿತು; ಅದನ್ನು ಹುಟ್ಟಿಸಿದ ಅಭ್ಯಾಸ, ಅಂದರೆ ನೋಡಿ, ಮಾಡಿ, ತಿದ್ದುವ ಅಭ್ಯಾಸ, ತಾಲ್ಲೂಕಿನ ಗಡಿ ದಾಟಲಿಲ್ಲ. ಹಲವು ಶಾಲೆಗಳಲ್ಲಿ ನಲಿ-ಕಲಿ ದಾಖಲೆ ತುಂಬುವ ಕೆಲಸವಾಗಿ ಉಳಿದಿದ್ದರೆ ಅದಕ್ಕೆ ಶಿಕ್ಷಕರ ಸೋಮಾರಿತನವನ್ನು ದೂರುವುದು ಸುಲಭ. ಅವರನ್ನು ವಿನ್ಯಾಸಕಾರರಿಂದ ವಿತರಕರನ್ನಾಗಿ ಮಾಡಿದ್ದು ಯಾರು ಎಂದೂ ಕೇಳಬೇಕಲ್ಲ?

ಯಂತ್ರಗಳ ಕತೆಗೆ ಬಂದರೆ ಪೆರು ದೇಶ ದೊಡ್ಡ ಪಾಠ. ನಿಕೊಲಸ್ ನೆಗ್ರೊಪಾಂಟೆ 2005ರಲ್ಲಿ ಘೋಷಿಸಿದ ನೂರು ಡಾಲರಿನ ಲ್ಯಾಪ್‌ಟಾಪ್ ಕನಸನ್ನು ನಂಬಿ ಆ ದೇಶ ಎಂಟು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಕೊಂಡಿತು. ಇಂಟರ್ ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಂಶೋಧಕರು 319 ಗ್ರಾಮೀಣ ಪ್ರಾಥಮಿಕ ಶಾಲೆಗಳನ್ನು ಅಭ್ಯಸಿಸಿ 2012ರಲ್ಲಿ ಕೊಟ್ಟ ವರದಿ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಸುಧಾರಣೆ ಕಾಣಲಿಲ್ಲ ಎಂದಿತು. ಸಾಮಾನ್ಯ ತಾರ್ಕಿಕ ಸಾಮರ್ಥ್ಯದಲ್ಲಿ ತುಸು ಏರಿಕೆ ಇತ್ತು ಎಂಬುದನ್ನೂ ಹೇಳಬೇಕು. ಆದರೆ ಶಾಲೆಯ ದಿನಚರಿ, ಪಠ್ಯ, ಶಿಕ್ಷಕರ ಪಾತ್ರ ಯಾವುದನ್ನೂ ಮುಟ್ಟದೆ ಮಗುವಿನ ತೊಡೆಯ ಮೇಲೆ ಯಂತ್ರ ಇಟ್ಟರೆ ಪಾಠ ತಾನಾಗಿ ಆಗುವುದಿಲ್ಲ. ಇದೇ ಅವಧಿಯಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದ ಕೆಂಟಾರೊ ತೊಯಾಮ ಮತ್ತು ಸಂಗಡಿಗರು ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ ಕೂತು ನೋಡಿದರು. ಒಂದು ಕಂಪ್ಯೂಟರಿನ ಮುಂದೆ ಹತ್ತು ಮಕ್ಕಳವರೆಗೂ ಮುತ್ತಿಕೊಳ್ಳುತ್ತಿದ್ದರು, ಮೌಸ್ ಮಾತ್ರ ಜೋರಿನ ಒಂದು ಮಗುವಿನ ಕೈಯಲ್ಲಿ. ಹೊಸ ಕಂಪ್ಯೂಟರಿಗೆ ಹಣವಿಲ್ಲ, ಮೌಸಿನ ಬೆಲೆ ಕಡಿಮೆ. ಹಾಗಾಗಿ ಒಂದೇ ಪರದೆಗೆ ಹಲವು ಮೌಸ್ ಜೋಡಿಸಿ ಪ್ರತಿ ಮಗುವಿಗೂ ಬೇರೆ ಬಣ್ಣದ ಬಾಣ ಕೊಟ್ಟರು. ಮೊದಲ ಮಾದರಿಯಲ್ಲಿ ಮಕ್ಕಳು ಗೆಲ್ಲುವ ಅವಸರದಲ್ಲಿ ಯೋಚಿಸದೆ ಕ್ಲಿಕ್ ಮಾಡಿದರು. ಎಲ್ಲರೂ ಸರಿಯುತ್ತರ ಮುಟ್ಟಿದ ಮೇಲಷ್ಟೇ ಆಟ ಮುಂದಕ್ಕೆ ಹೋಗುವಂತೆ ಇನ್ನೊಂದು ಬಗೆಯನ್ನೂ ಮಾಡಿ ನೋಡಿದರು. ಮಕ್ಕಳು ಪರಸ್ಪರ ಹೇಳಿಕೊಡತೊಡಗಿದರು. ಪೆರುವಿನಲ್ಲಿ ಹಣವಿತ್ತು, ಎರಡನೆಯ ಮಾದರಿ ಇರಲಿಲ್ಲ. ಇಲ್ಲಿ ಹಣವಿರಲಿಲ್ಲ, ಎರಡನೆಯ ಮಾದರಿ ಇತ್ತು.

ಅದೇ ಯಂತ್ರ, ಅದೇ ಪಾಠ, ಇಟ್ಟ ಜಾಗ ಬೇರೆಯಾದರೆ ಫಲ ತಲೆಕೆಳಗಾಗುವುದೂ ಉಂಟು. ಗುಜರಾತಿನ ಜ್ಞಾನಶಾಲಾ ಎಂಬ ಸಂಸ್ಥೆಯ ಶಾಲೆಗಳಲ್ಲಿ ಲೀ ಲಿಂಡನ್ ನಡೆಸಿದ ಅಧ್ಯಯನದಲ್ಲಿ ಶಾಲಾ ಅವಧಿಯ ಪಾಠವನ್ನು ಕಡಿತ ಮಾಡಿ ಗಣಿತದ ತಂತ್ರಾಂಶ ತೋರಿಸಿದಾಗ ಮಕ್ಕಳ ಕಲಿಕೆ ಇಳಿಯಿತು. ಶಾಲೆ ಮುಗಿದ ಮೇಲೆ ಪೂರಕವಾಗಿ ಕೊಟ್ಟಾಗ ಏರಿತು. ಒಳ್ಳೆಯ ಮೇಷ್ಟ್ರ ಸಮಯವನ್ನು ಕಸಿದುಕೊಂಡ ಯಂತ್ರ ನಷ್ಟ ತಂದಿತು ಎಂದೇ ಅರ್ಥ. ಈ ಯಂತ್ರವನ್ನು ಯಾವ ಗಂಟೆಯಲ್ಲಿ, ಯಾವ ಪಾಠಕ್ಕೆ, ಯಾವ ಮಕ್ಕಳಿಗೆ ಬಳಸಬೇಕು ಎಂಬ ತೀರ್ಮಾನ ತರಗತಿಯಲ್ಲಿ ನಿಂತವರು ಮಾಡಬೇಕಾದದ್ದು. ನಮ್ಮಲ್ಲಿ ಅದು ವೇಳಾಪಟ್ಟಿಯ ಸುತ್ತೋಲೆಯಾಗಿ ಬರುತ್ತದೆ.

ಇನ್ನು ಆಕ್ಷೇಪಗಳು. ಈಗಿನ ತಂತ್ರಾಂಶಗಳು ಮಗುವಿನ ಮಟ್ಟ ಅಳೆದು ತಾವೇ ಪಾಠ ಬದಲಿಸುತ್ತವೆ, ತಿದ್ದುವ ಕೆಲಸ ಯಂತ್ರವೇ ಮಾಡುವಾಗ ಮೇಷ್ಟ್ರೇಕೆ ಎಂದು ಕೇಳುವವರಿದ್ದಾರೆ. ಅವರ ಕೈಯಲ್ಲಿ ಗಟ್ಟಿ ಪುರಾವೆಯೂ ಇದೆ. ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್ ಮತ್ತು ಅಲೆಹಾಂದ್ರೊ ಗಾನಿಮಿಯನ್ 2015ರಲ್ಲಿ ದೆಹಲಿಯ ಕಲಿಕಾ ಕೇಂದ್ರಗಳಲ್ಲಿ ಮೈಂಡ್‌ಸ್ಪಾರ್ಕ್ ತಂತ್ರಾಂಶವನ್ನು ಪರೀಕ್ಷಿಸಿದರು; ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲೂ ಹಿಂದಿಯಲ್ಲೂ ಎದ್ದು ಕಾಣುವ ಪ್ರಗತಿಯಾಯಿತು. ಆರನೆಯ ತರಗತಿಯ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿತ್ತು, ಒಂಬತ್ತನೆಯ ತರಗತಿಯ ಹೊತ್ತಿಗೆ ಆ ಅಂತರ ನಾಲ್ಕೂವರೆ ತರಗತಿಗೆ ಬೆಳೆದಿತ್ತು ಎಂಬುದು ಅದೇ ಅಧ್ಯಯನದ ಕಹಿ ಸತ್ಯ. ತಂತ್ರಾಂಶ ಗೆದ್ದದ್ದು ಮಗು ಇದ್ದ ಮಟ್ಟದಿಂದ ಪಾಠ ಶುರು ಮಾಡಿದ್ದರಿಂದ. ಕಲಿಕಾ ಏಣಿ ಮಾಡಿದ್ದೂ ಅದನ್ನೇ. ಜೊತೆಗೆ, ಆ ಕೇಂದ್ರಗಳಲ್ಲಿ ಮಗು ಕಳೆಯುತ್ತಿದ್ದ ತೊಂಬತ್ತು ನಿಮಿಷದಲ್ಲಿ ಅರ್ಧ ತಂತ್ರಾಂಶಕ್ಕಾದರೆ ಉಳಿದರ್ಧ ಸಣ್ಣ ಗುಂಪಿನಲ್ಲಿ ಬೋಧಕರ ಜೊತೆ. ಆರನೆಯ ತರಗತಿಯ ಶಿಕ್ಷಕರಿಗೆ ಮೂರನೆಯ ತರಗತಿಯ ಪಾಠ ಮಾಡುವ ಸ್ವಾತಂತ್ರ್ಯವೇ ಇಲ್ಲ, ಅವರು ಪಠ್ಯ ಮುಗಿಸಬೇಕು. ಯಂತ್ರಕ್ಕೆ ಕೊಟ್ಟ ಸ್ವಾತಂತ್ರ್ಯವನ್ನು ಮನುಷ್ಯರಿಗೆ ಕೊಡದೆ ಆಮೇಲೆ ಯಂತ್ರವೇ ಮೇಲೆಂದು ತೀರ್ಪು ಕೊಡುವುದು ನ್ಯಾಯವಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಡುಸು: ಎಲ್ಲ ಶಿಕ್ಷಕರೂ ಅಷ್ಟು ಸಮರ್ಥರೇ, ಶ್ರದ್ಧೆಯುಳ್ಳವರೇ? ಅಲ್ಲ. ಹಾಗೆ ಯಾವ ವೃತ್ತಿಯಲ್ಲೂ ಇಲ್ಲ. ಮಗು ಏನು ಕಲಿತಿರಬೇಕು ಎಂಬ ಕನಿಷ್ಠ ಮಟ್ಟವನ್ನು ಸರ್ಕಾರ ಗಟ್ಟಿಯಾಗಿ ಹೇಳಲಿ, ಅಳೆಯಲಿ. ಹೇಗೆ ಕಲಿಸಬೇಕೆಂಬುದನ್ನೂ ಗಂಟೆ ಗಂಟೆಗೆ ಬರೆದುಕೊಟ್ಟರೆ ಸಮರ್ಥರು ಮಂಕಾಗುತ್ತಾರೆ, ಅಸಮರ್ಥರು ಅಡಗಿಕೊಳ್ಳುತ್ತಾರೆ. ನಂಬಿ ಬಿಟ್ಟಲ್ಲಿ ಏನಾಗುತ್ತದೆ ಎಂಬುದಕ್ಕೆ ನೆರೆಯ ಕೇರಳ ಸಾಕ್ಷಿ. 2001ರಲ್ಲಿ ಶುರುವಾದ ಅಲ್ಲಿನ ಐಟಿ@ಸ್ಕೂಲ್ ಯೋಜನೆ ಸ್ವತಂತ್ರ ತಂತ್ರಾಂಶವನ್ನು ಆರಿಸಿಕೊಂಡಿತು, ಶಾಲೆಯ ಶಿಕ್ಷಕರಲ್ಲೇ ಒಬ್ಬರನ್ನು ಉಸ್ತುವಾರಿಗೆ ನೇಮಿಸಿತು, ಕೆಟ್ಟರೆ ರಿಪೇರಿ ಮಾಡುವುದನ್ನೂ ಶಿಕ್ಷಕರಿಗೇ ಕಲಿಸಿತು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಕರ್ನಾಟಕದ ಮಾಹಿತಿ ಸಿಂಧು ಯೋಜನೆ ಪ್ರೌಢಶಾಲೆಗಳ ಕಂಪ್ಯೂಟರ್ ಪಾಠವನ್ನು ಹೊರಗುತ್ತಿಗೆಗೆ ಒಪ್ಪಿಸಿತು. ಗುತ್ತಿಗೆಯ ಬೋಧಕರು ಪಾಠ ಮಾಡಿದರು, ಗಣಿತ-ವಿಜ್ಞಾನದ ಶಿಕ್ಷಕರು ಆ ಕೋಣೆಯ ಹೊರಗೇ ಉಳಿದರು. ನಾವೂ ಆಮೇಲೆ ಪಾಠ ಕಲಿಯದೆ ಇಲ್ಲ. ರಾಜ್ಯ ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಕೈಜೋಡಿಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರು ಜಿಯೋಜೀಬ್ರಾ ತಂತ್ರಾಂಶದಲ್ಲಿ ರೇಖಾಗಣಿತದ ಪಾಠಗಳನ್ನು ಕಟ್ಟಿದರು, ಒಬ್ಬರದ್ದನ್ನು ಇನ್ನೊಬ್ಬರು ತಿದ್ದಿದರು, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಸಂಪನ್ಮೂಲಗಳಾಗಿ ಕನ್ನಡದಲ್ಲೂ ಹಂಚಿಕೊಂಡರು. ಕೋವಿಡ್‌ನಿಂದ ಶಾಲೆ ಮುಚ್ಚಿದ್ದ 2020ರ ಆಗಸ್ಟಿನಲ್ಲಿ ವಿದ್ಯಾಗಮ ಯೋಜನೆ ಶುರುವಾದಾಗಲೂ ಅಷ್ಟೇ: ಯಾರ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಯಾರ ಮನೆಯಲ್ಲಿ ಯಾವ ಫೋನೂ ಇಲ್ಲ ಎಂದು ಮಕ್ಕಳನ್ನು ಗುರುತಿಸಿಕೊಂಡು ಶಿಕ್ಷಕರು ಗುಡಿಯ ಜಗಲಿ, ಅರಳಿಕಟ್ಟೆಗಳಲ್ಲಿ ಪಾಠ ಮಾಡಿದರು. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ಅದು ನಿಂತಿತು. ಆದರೆ ಸಾಮರ್ಥ್ಯವಿಲ್ಲ ಎಂಬ ಮಾತಿಗೆ ಅಲ್ಲೇ ಉತ್ತರ ಸಿಕ್ಕಿತ್ತು.

ವಿನ್ಯಾಸ ಚಿಂತನೆಯೇ ಒಂದು ಕಾರ್ಪೊರೇಟ್ ಶೋಕಿ ಎನ್ನುವವರ ಮಾತನ್ನು ನಾನು ಪೂರಾ ತಳ್ಳಿಹಾಕಲಾರೆ. ನ್ಯೂಯಾರ್ಕಿನ ವಿನ್ಯಾಸಕಿ ನತಾಶಾ ಜೆನ್ 2017ರಲ್ಲೇ ಇದನ್ನು ಕಟುವಾಗಿ ಟೀಕಿಸಿದ್ದರು: ಬಣ್ಣದ ಚೀಟಿಗಳು ಬೇಕಾದಷ್ಟಿವೆ, ವಿಮರ್ಶೆ ಎಲ್ಲಿ ಎಂಬುದು ಅವರ ಪ್ರಶ್ನೆಯ ಸಾರ. ನಮ್ಮ ತರಬೇತಿ ಶಿಬಿರಗಳಲ್ಲೂ ಚೀಟಿ ಅಂಟಿಸುವುದಕ್ಕೆ ಕೊರತೆಯಿಲ್ಲ. ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಿಗೆ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ, ಹತ್ತು ಸಾವಿರ ಶಾಲೆಗಳಲ್ಲಿ ಅವು ಬಂದಿವೆ. ತ್ರೀಡಿ ಪ್ರಿಂಟರ್ ಇರುವ ಆ ಕೋಣೆಯಲ್ಲಿ ಮಗು ಹೊಸದನ್ನು ಮಾಡಿ ಮುರಿದು ಮತ್ತೆ ಮಾಡಬಹುದು, ಪಕ್ಕದ ಕೋಣೆಯಲ್ಲಿ ಮೇಷ್ಟ್ರು ಪಾಠದ ಕ್ರಮ ಬದಲಿಸಿದರೆ ವಿವರಣೆ ಕೊಡಬೇಕು. ಈ ವಿಚಿತ್ರ ಯಾರಿಗೂ ಕಾಣುತ್ತಿಲ್ಲವೇ?

ಸಮಯವಿಲ್ಲ ಎಂಬುದು ಕೊನೆಯ ಮಾತು, ಅದು ನಿಜ. ಬಿಸಿಯೂಟದ ಲೆಕ್ಕ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ಎಸ್‌ಎಟಿಎಸ್ ತಂತ್ರಾಂಶಕ್ಕೆ ಮಾಹಿತಿ ತುಂಬುವುದು, ಮತದಾರರ ಪಟ್ಟಿ, ಗಣತಿ. ತಂತ್ರಜ್ಞಾನ ಶಿಕ್ಷಕರ ಹೊರೆ ಇಳಿಸಬೇಕಾದ ಮೊದಲ ಜಾಗ ಇದೇ, ಪಾಠವಲ್ಲ. ಒಮ್ಮೆ ತುಂಬಿದ ಮಾಹಿತಿಯನ್ನು ಮತ್ತೊಂದು ನಮೂನೆಯಲ್ಲಿ ಮತ್ತೆ ಕೇಳದಂಥ ವ್ಯವಸ್ಥೆಯೊಂದನ್ನು ಇಲಾಖೆ ಮಾಡಿಕೊಟ್ಟರೆ ಅಷ್ಟೇ ಸಮಯ ಮಕ್ಕಳಿಗೆ ಸಿಗುತ್ತದೆ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳು ಈಗಲೂ ಇವೆ. ಸುತ್ತೋಲೆ ಓದಿ ಮುಗಿಸುವ ಬದಲು ಅಲ್ಲಿ ಪ್ರತಿ ಶಾಲೆಯೂ ತಾನು ತಿದ್ದಿದ ಒಂದು ಪಾಠವನ್ನು, ಅದು ಸೋತಿದ್ದರೂ ಸರಿಯೇ, ಮುಂದಿಡಲಿ.

ಊರ ಶಾಲೆಗೆ ಸ್ಮಾರ್ಟ್ ಟಿವಿ, ಟ್ಯಾಬ್ ಕೊಡಿಸುವ ಹಳೆ ವಿದ್ಯಾರ್ಥಿಗಳು, ಸಿಎಸ್‌ಆರ್ ಹಣ ಹಿಡಿದು ಬರುವ ಕಂಪನಿಗಳು, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸದಸ್ಯರಲ್ಲಿ ಒಂದು ಕೋರಿಕೆ. ಪೆಟ್ಟಿಗೆ ಕೊಳ್ಳುವ ಮೊದಲು ಮೇಷ್ಟ್ರನ್ನೂ ಮೇಡಂ ಅವರನ್ನೂ ಕೇಳಿ: ಯಾವ ಮಗು ಎಲ್ಲಿ ಸಿಕ್ಕಿಹಾಕಿಕೊಂಡಿದೆ, ಅದಕ್ಕೆ ಇದು ಬೇಕೇ, ಒಳಗಿನ ಪಾಠವನ್ನು ಬದಲಿಸಲು ನಿಮಗೆ ಬರುತ್ತದೆಯೇ, ಬದಲಿಸಲು ಅದು ಬಿಡುತ್ತದೆಯೇ? ಕೊನೆಯ ಪ್ರಶ್ನೆಗೆ ಇಲ್ಲ ಎಂಬ ಉತ್ತರ ಬಂದರೆ ಆ ದುಡ್ಡಿನಲ್ಲಿ ಗ್ರಂಥಾಲಯಕ್ಕೆ ಪುಸ್ತಕ ಕೊಡಿಸಿ.